ಇಂಜಿನ್ನಿಗೂ ಬಾಣಂತನ

ಪಕ್ಕದ್ಮನೆ ಕೆಂಪರಾಜಪ್ಪನ ಹಳೇ ಟ್ರ್ಯಾಕ್ಟರ್ ಇಂಜಿನ್ ಬ್ಲಾಕು ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ದಸ್ತಗೀರಣ್ಣ ಅದನ್ನ ಅವರ ಮನೆ ಅಂಗಳದಲ್ಲೇ ಕೆಂಡದಲ್ಲಿ ಕಾಯ್ಸಿ, ಬೆಸೆದು, ಬಿಸಿಬೂದೀಲಿ ಹೂತಿಟ್ಟ.

"ಮೆಲ್ಲಗೆ ಆರ್ಬೇಕು ಯಜಮಾನ್ರೇ. ಇಲ್ದಿದ್ರೆ ಮತ್ತೆ ಸೀಳುತ್ತೆ."

"ಸಾಯಂಕಾಲ ಬೀಗರ ಮುಂದೆ ಓಡಿಸ್ಬೇಕು ಕಣೋ! ಸೀಳಿದ್ರೆ ನಿನ್ ಶೆಡ್ಡೇ ಕೀಳಿಸ್ತೀನಿ" ಅಂತ ಈವಯ್ಯ ನೀರಿನ ಕೊಡ ಎತ್ಕೊಂಡ.

ದಸ್ತಗೀರಣ್ಣ ಪಾಪ, ಜಗಲಿ ಕಡೆ ತಿರುಗಿ ಕೂಗ್ದ. ಅಲ್ಲಿ ಕೆಂಪರಾಜಪ್ಪನ ತಾಯಿ ಕೂತಿತ್ತು. ಊರಿನ ಬಾಣಂತೀರ್ನೆಲ್ಲ ಆರೈಕೆ ಮಾಡಿದ್ ಮುದುಕಿ.

"ನೋಡವ್ವಾ, ಬೆಂಕಿಯಿಂದ ಎದ್ದ ಇಂಜಿನ್ನು ಹಸಿ ಬಾಣಂತಿ ಇದ್ದಂಗೆ. ನಿನ್ ಮಗ ತಣ್ಣೀರು ಹುಯ್ತಾನಂತೆ!"

ಮುದುಕಿ ಬಂದು ಬೂದಿ ಪಕ್ಕದಲ್ಲೇ ಕೂತ್ಕೊಂತು. "ಒಂದ್ ತೊಟ್ಟು ಬೀಳ್ಲಿ, ನಿನ್ ಕೈ ಮುರೀತೀನಿ. ಆ ಕೊಡ ಇಳ್ಸೋ!"

ಮಾರನೇ ದಿನ ಬ್ಲಾಕು ಗಟ್ಟಿಯಾಗಿ ಎದ್ದಿತ್ತು. ದಸ್ತಗೀರಣ್ಣನ ಶೆಡ್ಡೂ ಉಳೀತು. ಕೆಂಪರಾಜಪ್ಪ ಮಾತ್ರ ದೂರದಲ್ಲೇ ನಿಂತ್ಕೊಂಡು ಕೇಳ್ದ: "ಅವ್ವಾ, ಈಗ ಮುಟ್ಬೋದಾ?"