ಗೂಡಿನೊಡತಿ ಕೊಟ್ಟ ಅಪ್ಪಣೆ

ಕಾಜಾಣ ಹಕ್ಕಿ ಹಾಡಿದರೆ ಹರಿಯುವ ಹಳ್ಳವೂ ಮೂರು ದಿನ ನಿಂತು ಕೇಳುತ್ತಿತ್ತು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಹತ್ತಾರು ಹಕ್ಕಿಗಳ ದನಿ ಹೆಣೆದು ಹೊಸ ಹಾಡು ಕಟ್ಟುವುದೇ ಅವನ ಕಸುಬು. ಆದರೆ ಅಪ್ಪಣೆಯಿಲ್ಲದೆ ಯಾರ ದನಿಯನ್ನೂ ಮುಟ್ಟಿದವನಲ್ಲ. ಒಂದು ವಸಂತದಲ್ಲಿ ಅವನಿಗೆ ಕೋಗಿಲೆಯ ಕೂಗು ಬೇಕಾಯಿತು. ಕೋಗಿಲೆ ಬೆಳೆದದ್ದು ಕಾಗೆಯ ಗೂಡಿನಲ್ಲಲ್ಲವೇ ಎಂದುಕೊಂಡು ನೆಟ್ಟಗೆ ಕಾಗೆಯ ಬಳಿಗೇ ಹೋದ.

"ಕಾಗಕ್ಕ, ನಿನ್ನ ಸಾಕುಮಗನ ಕೂಗನ್ನು ನನ್ನ ಹಾಡಿಗೆ ಸೇರಿಸಿಕೊಳ್ಳಲೇ?"

"ಧಾರಾಳವಾಗಿ ಸೇರಿಸ್ಕೊ. ಗುಟುಕು ಕೊಟ್ಟು ಸಾಕಿದವಳು ನಾನು. ಅವನನ್ನೇನು ಕೇಳೋದು?"

ಕಾಜಾಣ ನೆಮ್ಮದಿಯಿಂದ ಹಾಡಿದ. ಆ ಕೂಗು ನಂಬಿ ದೂರದಿಂದ ಒಂದು ಹೆಣ್ಣು ಕೋಗಿಲೆ ಅವನ ಮರಕ್ಕೆ ಹಾರಿ ಬಂದಳು. ಅವನ ಕವಲು ಬಾಲ ಕಂಡು ನಾಚಿ ಹಿಂದಿರುಗಿದಳು. ಮಾರನೆಯ ದಿನ ನಿಜವಾದ ಕೋಗಿಲೆ ಎದೆ ಬಿರಿಯುವಂತೆ ಕೂಗಿದಾಗ, "ಮತ್ತೆ ಆ ಕಾಜಾಣನೇ" ಎಂದು ಬೇರೆ ಕಾಡಿಗೆ ಹೊರಟುಹೋದಳು.

ಸುದ್ದಿ ಕೇಳಿದ ಕಾಜಾಣ ಕೋಗಿಲೆಯ ಮುಂದೆ ತಲೆ ತಗ್ಗಿಸಿ ನಿಂತ.

"ತಪ್ಪು ತಿಳೀಬೇಡಪ್ಪ. ಕಾಗಕ್ಕನನ್ನು ಕೇಳಿಯೇ ಹಾಡಿದ್ದು."

"ಗೂಡು ಅವಳದು, ಕಾಜಾಣಣ್ಣ. ಗಂಟಲು ನನ್ನದಲ್ಲವೇ?"

"ಹಾಗಾದರೆ ಈಗ ನಿನ್ನನ್ನೇ ಕೇಳುತ್ತೇನೆ. ಕೊಡುತ್ತೀಯಾ?"

"ತಗೋ. ನಾನು ಕೂಗಿದರೆ ಇನ್ನು ಬರುವವರು ಯಾರಿದ್ದಾರೆ?"

ಯಾರನ್ನು ಕೇಳಬೇಕಿತ್ತೋ ಅವನೇ ಅಪ್ಪಣೆ ಕೊಟ್ಟ ಆ ದಿನದಿಂದ ಕಾಜಾಣನ ಬಾಯಿಗೆ ಆ ಕೂಗು ಬರಲಿಲ್ಲ. ಕೋಗಿಲೆಯೂ ಕೂಗಲಿಲ್ಲ.