ಫ್ಲಶ್ ಟ್ಯಾಂಕಿನೊಳಗಿನ ಲಾರಿ ಗಂಟು

ಬಾ, ಗೋಡೆ ಕಡೆ ಮಲಕ್ಕೋ. ಜಡೆ ಮುಟ್ಟಲ್ಲ ಕಣೇ ಪುಟ್ಟಿ, ಈ ಅಜ್ಜಿ ನಿನ್ನಾಣೆಗೂ ಮುಟ್ಟಲ್ಲ. ನಿಮ್ಮಮ್ಮ ಟ್ರೈನಿಂಗಿಗೆ ಅಂತ ಧಾರವಾಡಕ್ಕೆ ಹೋಗೋ ದಿನ ಟೇಪು ಕಟ್ಟಿ ಹಾಕಿದ ಜಡೆ, ಇವತ್ತಿಗೆ ಆರು ದಿನ ಆಯ್ತು, ಬಿಚ್ಚೋಕೆ ಬಿಡ್ತಿಲ್ಲ ನೀನು, ತಲೆ ಮಾತ್ರ ಪರಪರ ಕೆರ್ಕೋತೀಯ. ಇರ್ಲಿ ಬಿಡು. ಕತೆ ಕೇಳು. ಹೂಂ ಅನ್ನುತ್ತಿರಬೇಕು, ಇಲ್ದಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ರಾಜ ರಾಣಿ ಕಾಲ ಅಲ್ಲ, ಮನೆಗೊಂದು ಫ್ಲಶ್ ಟ್ಯಾಂಕು ಬಂದ ಮೇಲಿನ ಕಾಲದಲ್ಲಿ, ಚಳ್ಳಕೆರೆ ಕಡೆ ಒಂದೂರಲ್ಲಿ ಪಾಲಮ್ಮ ಅಂತ ಒಬ್ಬಳಿದ್ಲಂತೆ. ಅವಳ ಗಂಡ ತಿಪ್ಪೇಶಿ ಲಾರಿ ಡ್ರೈವರು. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ, ಅಸ್ಸಾಮಿಗೆ ಈರುಳ್ಳಿ ಲೋಡು ಬಂತಂತೆ. ಅಷ್ಟು ದೂರ ಹೋದ ಲಾರಿ ಖಾಲಿ ವಾಪಸ್ ಬರುತ್ತಾ? ಅಲ್ಲಿಂದ ಇನ್ನೊಂದೂರಿಗೆ, ಆಮೇಲೆ ಮತ್ತೊಂದೂರಿಗೆ, ಮೂರು ತಿಂಗಳಾದ್ರೂ ಬೇಕು. ಅವನು ಹೊರಡೋ ದಿನ ಬೆಳಿಗ್ಗೇನೇ ಪಾಯಿಖಾನೆ ಫ್ಲಶ್ ಟ್ಯಾಂಕಿನ ಒಳಗಿನ ಸರಪಳಿ ತುಂಡಾಯ್ತಂತೆ. ಅದು ತಳದಲ್ಲಿರೋ ವಾಲ್ವಿನ ರಬ್ಬರ್ ಮುಚ್ಚಳ ಎತ್ತೋ ಸರಪಳಿ. ತಿಪ್ಪೇಶಿ ಏನು ಮಾಡ್ದ, ಲಾರಿಯಿಂದ ಸಣ್ಣ ಹಗ್ಗ ತಂದ, ಹಿಡಿಗೂ ಮುಚ್ಚಳಕ್ಕೂ ಸೇರಿಸಿ ಗಂಟು ಹಾಕ್ದ. ನಾನು ಬಂದು ಹೊಸ ವಾಲ್ವ್ ಹಾಕ್ತೀನಿ, ಅಲ್ಲೀತನಕ ಇದನ್ನ ಬಿಚ್ಚಬೇಡ ಅಂತ ಹೇಳಿ ಹೊರಟೇಬಿಟ್ಟನಂತೆ.

ಅವಳು ಆ ಮಾತನ್ನ ಹಿಡ್ಕೊಂಡ್ಬಿಟ್ಲು. ನಾವು ಮುಡಿಪು ಕಟ್ಟಲ್ವಾ, ಹರಕೆ ಹೊತ್ತು ಅರಿಶಿನದ ಬಟ್ಟೇಲಿ ಕಾಸಿಟ್ಟು ಗಂಟು ಹಾಕಿ, ಅಂದುಕೊಂಡಿದ್ದು ಆಗೋವರೆಗೂ ಬಿಚ್ಚಲ್ವಲ್ಲ, ಹಂಗೆ ಇದೂ ಒಂದು ಮುಡಿಪೇ ಅಂದ್ಕೊಂಡ್ಲಂತೆ. ಈ ಗಂಟು ಬಿಚ್ಚಿದ್ರೆ ಗಂಡ ವಾಪಸ್ ಬರಲ್ಲ ಅಂತ. ನಗಬೇಡ. ಪಾಯಿಖಾನೇಲಿ ಮುಡಿಪಾ ಅಂತ ನಗ್ತೀಯ, ನಿನ್ನ ಜಡೆ ನೋಡ್ಕೋ ಮೊದ್ಲು.

ಆಮೇಲೆ ರಬ್ಬರ್ ಸವೆದು ನೀರು ಸೋರೋಕೆ ಶುರುವಾಯ್ತು. ಸುಯ್ಯ್ ಅಂತ, ಹಗಲೂ ರಾತ್ರಿ. ಆ ಊರಲ್ಲಿ ನಲ್ಲಿ ನೀರು ಬರೋದು ಎಂಟು ದಿನಕ್ಕೊಂದ್ಸಲ, ಮಾಳಿಗೆ ಮೇಲಿನ ಟ್ಯಾಂಕು ಮೂರೇ ದಿನಕ್ಕೆ ಬರಿದು. ಪಾಲಮ್ಮನಿಗೆ ಮೂರು ಜನ ಮೈದುನರಿದ್ರು. ಹಿರಿಯವನು ಟೈಲರು, ಬಂದು ಆ ರಬ್ಬರ್ ಮುಚ್ಚಳಕ್ಕೆ ಸುತ್ತ ಬಟ್ಟೆ ಸುತ್ತಿದ. ಬಟ್ಟೆ ಊದ್ಕೊಂಡು ಫ್ಲಶ್ಶೇ ನಿಂತ್ಹೋಯ್ತು, ಕಿತ್ತೆಸೆದ. ನಡುವಿನವನದು ಸೈಕಲ್ ಶಾಪು, ಹಳೇ ಟ್ಯೂಬು ಕತ್ತರಿಸಿ ಮುಚ್ಚಳದ ಕೆಳಗೆ ಅಂಟಿಸಿದ. ಎರಡು ದಿನ ಸುಮ್ನಿತ್ತು, ಮೂರನೇ ದಿನ ಮತ್ತೆ ಸುಯ್ಯ್. ಕಿರಿಯವನು ಗಾರೆ ಕೆಲಸದವನು, ನೀರಾದ್ರೂ ಕಮ್ಮಿ ಹಿಡೀಲಿ ಅಂತ ಟ್ಯಾಂಕಿನೊಳಗೆ ಒಂದು ಇಟ್ಟಿಗೆ ಇಳಿಸಿದ. ಅದು ಅರೆಬೆಂದ ಇಟ್ಟಿಗೆ, ಕರಗಿ ಕೆಂಪು ನೀರು ಬಂತು, ಅತ್ತೆ ನೋಡಿ ರಕ್ತ ರಕ್ತ ಅಂತ ಬೀದಿಗೇ ಓಡಿಬಂದ್ಲಂತೆ! ಮೂರೂ ಜನ ಹೇಳಿದ್ದು ಒಂದೇ, ಅತ್ತಿಗೆ, ವಾಲ್ವೇ ಬದಲಾಯಿಸಬೇಕು, ಆ ಗಂಟು ಬಿಚ್ಚಿ. ಅವಳು ಬಾಗಿಲಿಗೆ ಅಡ್ಡ ನಿಂತ್ಕೊಂಡು, ಮುಟ್ಟಿದ್ರೆ ನೋಡಿ ಅಂದ್ಲಂತೆ.

ಯಾಕೆ ಅಂದ್ರೆ, ಅವಳಿಗೆ ಅವನು ಬಿಟ್ಟುಹೋಗಿದ್ದು ಅಂತ ಇದ್ದದ್ದು ಅದೊಂದೇ. ಅವನ ಅಂಗಿ ಒಗೆದಾಗಿತ್ತು, ಅವನ ಬೀಡಿ ವಾಸನೇನೂ ಹೋಗಿತ್ತು. ದಿನಕ್ಕೊಂದ್ಸಲ ಟ್ಯಾಂಕಿನ ಮುಚ್ಚಳ ಎತ್ತಿ ಗಂಟು ನೋಡೋಳಂತೆ. ನೀರೊಳಗೆ ಪಾಚಿ ಹಿಡಿದು ಹಸಿರಾಗಿತ್ತು, ಆದ್ರೆ ಬಿಗಿ ಸಡಿಲಾಗಿರಲಿಲ್ಲ. ಅವನ ಕೈ ಗಂಟು ಅಲ್ವಾ, ತುಂಬಾ ನೆನಪಾಗೋದು ಅವಳಿಗೆ.

ಆಮೇಲೆ ಒಂದಿನ ನೋಡ್ತಾಳೆ, ಅತ್ತೆ ಬೋರ್‌ವೆಲ್ ಹತ್ರದಿಂದ ಕೊಡ ಹೊತ್ಕೊಂಡು ಬರ್ತಿದಾಳೆ, ಮಂಡಿ ನೋವಿನ ಮುದುಕಿ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಅತ್ತೆ, ನನ್ನ ಬೈದಾದ್ರೂ ಬೈರಿ ಅಂತ ಅತ್ತಳಂತೆ ಪಾಲಮ್ಮ. ಅತ್ತೆ ಕೊಡ ಇಳಿಸಿ, ನಿಂಗೆ ಗಂಡ ಆದ್ರೆ ನಂಗೆ ಮಗ ಕಣವ್ವ, ಗಂಟು ಇದ್ರೆ ಬರ್ತಾನೆ ಅನ್ನೋದಾದ್ರೆ ನಾನು ನೀರು ಹೊರ್ತೀನಿ ಬಿಡು ಅಂದ್ಲಂತೆ. ಪಾಲಮ್ಮ ಆ ಕೊಡ ತಾನೇ ಎತ್ಕೊಂಡು ಒಳಗೆ ಹೋದ್ಲು.

ಭಾನುವಾರ ಕಿರಾಣಿ ಅಂಗಡಿ ನಂಬರಿಗೆ ತಿಪ್ಪೇಶಿ ಫೋನ್ ಮಾಡ್ದ. ಯಾವಾಗ ಬರ್ತೀರಿ ಅಂತ ಅವಳು ಕೇಳಲಿಲ್ಲ. ಗಂಟು ಬಿಚ್ಚಲಾ ಅಂದ್ಲು. ಯಾವ ಗಂಟೇ ಅಂದ. ಅವನಿಗೆ ಮರೆತೇ ಹೋಗಿತ್ತಂತೆ! ಅವಳು ಎಲ್ಲಾ ಹೇಳಿದ್ಲು. ಮೊದ್ಲು ನಕ್ಕ. ಆಮೇಲೆ ಹೇಳಿದ್ನಂತೆ, ಅದು ಲಾರಿ ಗಂಟು ಕಣೇ, ಟಾರ್ಪಾಲಿಗೆ ಹಾಕೋದು. ದಾರಿಯುದ್ದಕ್ಕೂ ಬಿಗಿಯಾಗಿರಬೇಕು, ಲೋಡು ಇಳಿಸುವಾಗ ಒಂದೇ ಎಳೆತಕ್ಕೆ ಬಿಚ್ಕೋಬೇಕು. ಬಿಚ್ಚೋಕೆ ಅಂತಾನೇ ಹಾಕೋದು ಅದನ್ನ. ನಾನು ಗಂಟಿಗೋಸ್ಕರ ಬರ್ತೀನೇನೇ? ನಿನ್ನ ನೋಡೋಕೆ ಬರ್ತೀನಿ.

ಫೋನ್ ಇಟ್ಟು ಬರ್ತಾನೇ ಹಾರ್ಡ್‌ವೇರ್ ಅಂಗಡೀಲಿ ಹೊಸ ವಾಲ್ವ್ ತಂದ್ಲಂತೆ ಪಾಲಮ್ಮ. ಗೋಡೆ ಹತ್ರದ ಕಾಕ್ ತಿರುಗಿಸಿ ನೀರು ನಿಲ್ಲಿಸಿದ್ಲು, ಟ್ಯಾಂಕು ಖಾಲಿ ಮಾಡಿದ್ಲು. ಗಂಟಿನ ತುದಿ ಹಿಡಿದು ಕಣ್ಣು ಮುಚ್ಕೊಂಡು ಎಳೆದ್ಲು. ಸರ್ ಅಂತ ಬಿಚ್ಕೊಂಡ್ತು. ಏನೂ ಆಗಲಿಲ್ಲ, ಆಕಾಶ ಬೀಳಲಿಲ್ಲ. ಆಮೇಲೆ ಕೆಳಗಿನ ನಟ್ ಬಿಚ್ಚಿ, ಹಳೇ ವಾಲ್ವ್ ಎತ್ತಿ, ಪಾಚಿ ಉಜ್ಜಿ, ವಾಷರ್ ಸಮೇತ ಹೊಸದು ಕೂರಿಸಿ, ಕೈಯಲ್ಲೇ ಬಿಗಿ ಮಾಡಿದ್ಲು. ನೀರು ಬಿಟ್ಲು, ತುಂಬ್ತು, ನಿಂತ್ಕೊಂಡ್ತು. ಎಷ್ಟೋ ದಿನ ಆದ ಮೇಲೆ ಮನೆ ನಿಶ್ಶಬ್ದ. ಅಲ್ಲೇ ಕೂತು ಒಂದು ಗಳಿಗೆ ಅತ್ತು, ಹಗ್ಗ ಒಗೆದು ಒಣಗಲು ಹಾಕಿದ್ಲಂತೆ.

ಹತ್ತು ದಿನಕ್ಕೆ ತಿಪ್ಪೇಶಿ ಬಂದ. ಬ್ಯಾಗಿನೊಳಗೆ ಹೊಸ ವಾಲ್ವು! ಸೀದಾ ಪಾಯಿಖಾನೆಗೆ ಹೋಗಿ ನೋಡಿ, ಪೆಚ್ಚಾಗಿ ಹೊರಗೆ ಬಂದ. ಎಲ್ಲಾ ನೀನೇ ಮಾಡ್ಕೊಂಡ್ರೆ ನಂಗೇನು ಕೆಲಸ ಇಲ್ಲಿ ಅಂದ್ನಂತೆ. ಅವಳು, ಏನೂ ಇಲ್ಲ, ಇಲ್ಲಿ ಕೂತ್ಕೊಳ್ಳಿ, ಸುಮ್ನೆ ನಿಮ್ಮನ್ನ ನೋಡಬೇಕು ಅಂದ್ಲಂತೆ. ಅತ್ತೆ ಒಬ್ಬಟ್ಟಿಗೆ ಬೇಳೆ ಬೇಯಿಸೋಕೆ ಇಟ್ಲು, ಮೂರೂ ಮೈದುನರು ಊಟಕ್ಕೆ ಬಂದ್ರು, ಎಲ್ಲಾ ಸುಖವಾಗಿದ್ರು. ಅಲ್ಲಿಗೆ ಅವರ ಕತೆ ಮುಗೀತು, ನಲ್ಲಿ ನಿಲ್ಲಿಸಿ ನಾವೂ ಮಲಗೋಣ.

ಏನೇ, ನಿದ್ದೆ ಬಂತಾ? ಯಾಕೆ ಆ ಕಡೆ ತಿರುಗ್ತೀಯ? ಏನಂದೆ? ಗಟ್ಟಿಯಾಗಿ ಹೇಳು.

ಹೂಂ, ಜಡೆ ಬಿಚ್ತೀನಿ ಕಂದ. ನಿಧಾನಕ್ಕೇ ಬಿಚ್ತೀನಿ. ಟೇಪು ದಿಂಬಿನ ಕೆಳಗೇ ಇಟ್ಕೋ. ನಿಮ್ಮಮ್ಮ ಬರ್ತಾಳೆ.