ಸೂಜಿಗೆ ಮೊದಲಿನ ಮಾತು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಸಣ್ಣ ಸೂಜಿಗಳಿಂದ ನೋವು ಇಳಿಸುವ ಅಕ್ಯುಪಂಕ್ಚರ್ ಚಿಕಿತ್ಸೆ ಅಲ್ಲಿ ನಡೆಯುತ್ತಿತ್ತು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ಸಂಗಯ್ಯನಿಗೆ ಮೈಮೇಲಿನ ಬಿಂದುಗಳೆಲ್ಲ ಬಾಯಿಪಾಠ. ಆ ಹೆಮ್ಮೆ ಅವನ ನಡಿಗೆ ನೋಡಿದರೇ ತಿಳಿಯುತ್ತಿತ್ತು.

ಒಮ್ಮೆ ಅಜ್ಜಾರು ಪರವೂರಿಗೆ ಹೋಗಿದ್ದಾಗ ಫಕೀರವ್ವ ಬಂದಳು. ಖಾನಾವಳಿಯಲ್ಲಿ ರೊಟ್ಟಿ ಬಡಿದು ಬದುಕುವ ಹೆಂಗಸು. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಕೈ ಏಳದಿದ್ದರೆ ರೊಟ್ಟಿ ಇಲ್ಲ, ರೊಟ್ಟಿ ಇಲ್ಲದಿದ್ದರೆ ಅವಳಿಗೆ ಕೆಲಸವಿಲ್ಲ.

"ಭಾಳ ನೋಯ್ತದೇನ್ರೀ?" ಸೂಜಿ ಕಂಡು ಹೆದರಿ ಕೇಳಿದಳು.

ಸಂಗಯ್ಯ ಅವಳೆದುರೇ ಹೊಸ ಸೂಜಿಯ ಪೊಟ್ಟಣ ಒಡೆದ.

"ಕೂದಲದಷ್ಟ ಸಣ್ಣ ಅದಾವ ನೋಡ್ರಿ ಯವ್ವಾ. ಒಬ್ಬರಿಗೆ ಹಾಕಿದ್ದನ್ನ ಇನ್ನೊಬ್ಬರಿಗೆ ಹಾಕಂಗಿಲ್ಲ. ಚುಚ್ಚಿದಲ್ಲಿ ಸ್ವಲ್ಪ ಜಡ ಅನಸ್ತದ, ಜುಮ್ ಅನಸ್ತದ. ಒಂದ ದಿನಕ್ಕ ಗುಣ ಆಗೂದಲ್ಲ, ಮತ್ತ ಮತ್ತ ಬರಬೇಕು. ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ."

ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಆಮೇಲೆ ನಾಡಿ ಹಿಡಿದು ಕಣ್ಣು ಮುಚ್ಚಿದ.

"ನಾಡಿ ಭಾಳ ಸಣ್ಣ ಐತಿ. ಒಳಗಿನ ಶಕ್ತಿ ಕುಂದೈತಿ."

ಫಕೀರವ್ವನಿಗೆ ಭಕ್ತಿ ಉಕ್ಕಿತು. ಕೈಮುಗಿಯಲು ಹೋದಳು, ಒಂದೇ ಕೈ ಹಣೆಯವರೆಗೆ ಬಂತು.

ಸ್ಟೂಲಿನ ಮೇಲೆ ಕೂರಿಸಿ ಸೂಜಿ ಹಾಕಿದ. ಸ್ವಲ್ಪ ಹೊತ್ತಿಗೆ ಅವಳ ಹಣೆ ಬೆವರಿತು, ಮುಖ ಬಿಳಿಚಿತು. ಕೂತಲ್ಲಿಂದಲೇ ನೆಲಕ್ಕೆ ಕುಸಿದಳು.

ಸಂಗಯ್ಯ ಸೂಜಿ ತೆಗೆದು, ಮಲಗಿಸಿ, ಕಾಲಡಿಗೆ ದಿಂಬು ಇಟ್ಟ. ಎಚ್ಚರ ಬಂದ ಮೇಲೆ ಯಾರೋ ಬೆಲ್ಲದ ನೀರು ಕುಡಿಸಿದರು. ಸರದಿಗೆ ಕೂತಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಫಕೀರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ಹೋದಳು.

ಮತ್ತೆ ಬರಲಿಲ್ಲ.

ಅಜ್ಜಾರು ಊರಿಂದ ಬಂದು ಎಲ್ಲ ಕೇಳಿಸಿಕೊಂಡರು.

"ಆಕಿಗೆ ಏನೇನ್ ಹೇಳಿದಿ?"

ಸಂಗಯ್ಯ ಒಂದೂ ಬಿಡದೆ ಒಪ್ಪಿಸಿದ.

"ಛಲೋ. ಏನೇನ್ ಕೇಳಿದಿ?"

"ನೋವು ಎಲ್ಲೈತಿ, ಎಂದಿನಿಂದ ಐತಿ, ಗುಳಿಗಿ ಏನ್ ತಗೋತೀರಿ ಅಂತ."

"ಮತ್ತ?"

"ಇಷ್ಟ ರೀ ಅಜ್ಜಾರ."

"ನಡಿ, ಆಕಿ ಮನಿಗೆ ಹೋಗೂಣು," ಎಂದರು ಅಜ್ಜಾರು.

ಫಕೀರವ್ವ ಒಲೆಯ ಮುಂದೆ ಕೂತಿದ್ದಳು. ಇವರನ್ನು ಕಂಡು ಗಡಬಡಿಸಿ ಎದ್ದಳು. ಯಾಕೆ ಬಂದಿರಿ ಎಂದು ಸಹ ಕೇಳಲಿಲ್ಲ.

"ಬರ್ರಿ ಅಜ್ಜಾರ. ಊಟ ಆತೇನ್ರಿ?" ಸಂಗಯ್ಯನತ್ತ ತಿರುಗಿದಳು. "ನಿಮ್ದೂ ಆತೇನ್ರಿ?"

ಸಂಗಯ್ಯ ತಲೆ ತಗ್ಗಿಸಿದ.

"ಅವತ್ತ ನೀ ಉಂಡು ಬಂದಿದ್ದೇನವ್ವ?" ಅಜ್ಜಾರು ಕೇಳಿದರು.

"ಶಿವನ! ನಿಮ್ಮಲ್ಲಿಗೆ ಯಾರರ ಉಂಡು ಬರ್ತಾರೇನ್ರಿ? ನಸಿಕಿನ್ಯಾಗ ಜಳಕಾ ಮಾಡಿ ಉಪಾಸ ಬಂದಿದ್ದೆ. ಆದ್ರ ಹಿಂದಿನ ರಾತ್ರಿ ತಡೀಲಾರದ ಒಂದ ಬಾಳಿಹಣ್ಣ ತಿಂದಿದ್ದೆ. ಅದಕ್ಕ ಹಂಗಾತು. ತಪ್ಪು ನಂದ ಐತ್ರಿ."

ಸಂಗಯ್ಯ ತಡೆದ. "ಇಲ್ರಿ ಯವ್ವಾ, ಹಸಿದಿದ್ದಕ್ಕ ತಲಿ ತಿರುಗಿ ಬಿದ್ರಿ. ಸ್ವಲ್ಪ ತಿಂದು ಬರಬೇಕಿತ್ತು. ನಾ ಕೇಳಬೇಕಿತ್ತು. ನಾಳೆ ಉಂಡು ಬರ್ರಿ."

ಫಕೀರವ್ವ ನಕ್ಕಳು. "ನನ್ನ ಸಮಾಧಾನಕ್ಕ ಅಂತೀರಿ. ನಮ್ಮಂಥವರ ಮೈಗೆ ಸೂಜಿ ಆಗಿಬರೂದಲ್ರಿ. ಇರ್ಲಿ ಬಿಡ್ರಿ, ಖಾನಾವಳಿಗೂ ಬ್ಯಾರೆ ಹೆಣ್ಮಗಳು ಬಂದಾಳ."

ಎಡಗೈಯಿಂದಲೇ ತಾಟು ತಂದಿಟ್ಟಳು. ಎಡಗೈಯಿಂದ ಬಡಿದ ರೊಟ್ಟಿ, ಅಂಚೆಲ್ಲ ಒಡೆದಿತ್ತು. ಅಜ್ಜಾರು ಚೂರೂ ಬಿಡದೆ ಉಂಡರು.

ಮರಳುವಾಗ ಹೊಳೆದಂಡೆಯಲ್ಲಿ ಸಂಗಯ್ಯ ಕೇಳಿದ.

"ಅಜ್ಜಾರ, ಆಕಿ ಮತ್ತ ಬರ್ತಾಳೇನ್ರಿ?"

"ಇಲ್ಲಪಾ."

"ನಾಡಿ ಸಣ್ಣ ಇದ್ದದ್ದು ನನಗ ತಿಳಿದಿತ್ರಿ."

"ತಿಳಿದಿತ್ತು. ಹಸಿವನ್ನ ನೀ ಶಾಸ್ತ್ರದಾಗ ಹುಡುಕಿದಿ." ಅಜ್ಜಾರು ನಿಂತರು. ಅವರ ದನಿ ಕುಗ್ಗಿತು. "ನಾನೂ ಅಷ್ಟ. ನಿನಗ ಬಿಂದು ಎಲ್ಲಾ ಕಲಿಸಿದೆ, ಇದೊಂದು ಕಲಿಸಲಿಲ್ಲ."

ಸಂಗಯ್ಯ ಕಣ್ಣೊರೆಸಿಕೊಂಡ. "ಈಗ ನಾ ಏನ್ ಮಾಡ್ಲಿ, ಹೇಳ್ರಿ."

"ನಾಳಿಂದ ಬಾಗಲದಾಗ ಕುಂದ್ರು. ಯಾರ ಬಂದ್ರೂ, ಫಕೀರವ್ವ ನಿನ್ನ ಏನ್ ಕೇಳಿದ್ಲೋ ಅದನ್ನ ಮೊದಲ ಕೇಳು."